ಆರು ಕಮಾನು, ಮೂರು ಎಸಳು

ಒಂದೇ ಕೋಷ್ಟಕದಿಂದ ಎರಡು ಚಿತ್ರ ಬರೆಯಬಹುದು ಎಂದರೆ ಮಕ್ಕಳು ಸುಲಭವಾಗಿ ನಂಬುವುದಿಲ್ಲ. ಸೈನ್ ಎಂದ ಕೂಡಲೇ ಅವರ ಕಣ್ಣಿಗೆ ಕಟ್ಟುವುದು ಪಠ್ಯಪುಸ್ತಕದ ಅಲೆ. ಚೌಕಳಿ ಗ್ರಾಫ್ ಹಾಳೆಯಲ್ಲಿ ಕೋನವನ್ನು ಅಡ್ಡಕ್ಕೆ, ಬೆಲೆಯನ್ನು ಮೇಲಕ್ಕೆ ಅಥವಾ ಕೆಳಕ್ಕೆ ಗುರುತಿಸಿದರೆ ಬರುವುದು ಅದೇ. ಈ ಪದ್ಧತಿಗೆ ಕಾರ್ಟೀಸಿಯನ್ ಎಂಬ ಹೆಸರು ಬಂದದ್ದು ಫ್ರಾನ್ಸಿನ ರೆನೆ ಡೆಕಾರ್ಟ್‌ನಿಂದ. ಅವನ ಜ್ಯಾಮಿತಿ ಗ್ರಂಥ 1637ರಲ್ಲಿ ಪ್ರಕಟವಾಯಿತು.

ಧ್ರುವೀಯ ಪದ್ಧತಿಯ ಲೆಕ್ಕ ಬೇರೆ. ಹಾಳೆಯ ನಡುವಿನ ಒಂದು ಬಿಂದುವೇ ಧ್ರುವ. ಅಲ್ಲಿಂದ ಯಾವ ದಿಕ್ಕಿಗೆ, ಎಷ್ಟು ದೂರ ಎಂಬುದಷ್ಟೇ ಪ್ರಶ್ನೆ. ಕೋನ ದಿಕ್ಕನ್ನು ಹೇಳುತ್ತದೆ, ಬೆಲೆ ದೂರವನ್ನು. ಬೆಲೆ ಋಣವಾದರೆ ಆ ದಿಕ್ಕಿಗೆ ಮುಖ ಮಾಡಿಕೊಂಡೇ ಹಿಂದಕ್ಕೆ ಹೆಜ್ಜೆ ಇಡಬೇಕು. ಸೈನ್ ಬೆಲೆಗಳನ್ನು ಹೀಗೆ ಗುರುತಿಸಿದರೆ ಅಲೆ ಬರುವುದಿಲ್ಲ. ಧ್ರುವದ ಮೂಲಕ ಹಾಯುವ, 1 ಮಾನ ವ್ಯಾಸದ ವೃತ್ತ ಬರುತ್ತದೆ. ಅದು 180 ಡಿಗ್ರಿಗೇ ಪೂರ್ಣವಾಗುತ್ತದೆ. ಉಳಿದರ್ಧ ಅದೇ ಗೆರೆಯ ಮೇಲೆ ಮತ್ತೊಂದು ಸುತ್ತು.

ಪಿಯುಸಿ ಓದುತ್ತಿದ್ದ ಹುಡುಗಿಯೊಬ್ಬಳು ಕೋನದ ಎರಡರಷ್ಟರ ಸೈನನ್ನು ಎರಡೂ ಬಗೆಯಲ್ಲಿ ಬರೆದಳು. ಅಲೆಯಲ್ಲಿ ಮೇಲೆರಡು, ಕೆಳಗೆರಡು, ಒಟ್ಟು ನಾಲ್ಕು ಕಮಾನು. ಧ್ರುವೀಯ ಹಾಳೆಯಲ್ಲಿ ನಾಲ್ಕು ಎಸಳಿನ ಹೂವು. ಮೂರರಷ್ಟಕ್ಕೆ ಕಮಾನು ಆರಾಯಿತು. ಎಸಳು ಮಾತ್ರ ಮೂರೇ ಬಂತು.

"ಅಪ್ಪಾ, ಆರು ಬರಬೇಕಿತ್ತು. ಎಲ್ಲೋ ತಪ್ಪಿದೆ."

"ಪುಸ್ತಕದಲ್ಲಿ ಎಷ್ಟಿದೆ ನೋಡಮ್ಮ. ಅಷ್ಟು ಬರೆದುಬಿಡು. ಪರೀಕ್ಷೆಗೆ ಅಷ್ಟು ಸಾಕು."

ಪುಸ್ತಕದಲ್ಲೂ ಮೂರೇ ಇತ್ತು. ಅಷ್ಟಕ್ಕೆ ಪುಸ್ತಕ ಮುಚ್ಚಿದ್ದರೆ ಉತ್ತರ ಸಿಗುತ್ತಿತ್ತು, ಕಾರಣ ಸಿಗುತ್ತಿರಲಿಲ್ಲ. ಹುಡುಗಿ ಪ್ರತಿ ಬಿಂದುವಿನ ಪಕ್ಕದಲ್ಲಿ ಅದರ ಡಿಗ್ರಿಯನ್ನು ಪೆನ್ಸಿಲಿನಲ್ಲಿ ಬರೆದಳು. 90 ಡಿಗ್ರಿಗೆ ಬೆಲೆ ಋಣ 1; ಹಿಂದಕ್ಕೆ ನಡೆದರೆ ಬಿಂದು 270ರ ದಿಕ್ಕಿಗೆ ಬೀಳುತ್ತದೆ. 270 ಡಿಗ್ರಿಗೆ ಬೆಲೆ ಧನ 1. ಬಿಂದು ಬೀಳುವುದು ಅಲ್ಲಿಗೇ! ಆರು ಎಸಳೂ ಇದ್ದವು, ಆದರೆ ಎರಡೆರಡು ಒಂದರ ಮೇಲೊಂದು. ಎರಡರಷ್ಟರ ಹೂವಿನಲ್ಲಿ ಋಣದ ಎಸಳುಗಳು ಖಾಲಿ ಜಾಗಕ್ಕೆ ಬೀಳುವುದರಿಂದ ನಾಲ್ಕೂ ಕಾಣುತ್ತವೆ. 18ನೇ ಶತಮಾನದಲ್ಲಿ ಇಟಲಿಯ ಗ್ವಿಡೊ ಗ್ರಾಂಡಿ ಈ ವಕ್ರರೇಖೆಗಳಿಗೆ ಗುಲಾಬಿಯ ಹೆಸರಿಟ್ಟ.

ಹಾಗಾದರೆ ಯಾವ ಚಿತ್ರ ನಿಜ? ಎರಡೂ ನಿಜ. ಒಂದೊಂದೂ ಏನನ್ನೋ ತೋರಿಸಿ ಮತ್ತೇನನ್ನೋ ಮರೆಮಾಡುತ್ತದೆ. ಅಲೆಯಲ್ಲಿ ಧನ ಋಣ ಒಂದೇ ನೋಟಕ್ಕೆ ತಿಳಿಯುತ್ತದೆ. 360 ಡಿಗ್ರಿ ಎಂದರೆ ಹೊರಟ ದಿಕ್ಕಿಗೇ ಮರಳುವುದು ಎಂಬುದು ಕಾಣುವುದಿಲ್ಲ. ಹೂವಿನಲ್ಲಿ ಮರಳುವುದು ಕಾಣುತ್ತದೆ. ಎಷ್ಟು ಸಲ ಸುತ್ತಿದೆ ಎಂಬುದು ಅಡಗುತ್ತದೆ. ಮನೆಯ ವಿದ್ಯುತ್ತು ಸೆಕೆಂಡಿಗೆ 50 ಆವರ್ತ ಏರಿಳಿಯುವುದನ್ನು ತೋರಿಸಲು ಅಲೆಯೇ ಸರಿ. ಮೈಕು ಯಾವ ದಿಕ್ಕಿನ ದನಿಯನ್ನು ಎಷ್ಟು ಹಿಡಿಯುತ್ತದೆ ಎಂದು ತೋರಿಸಲು ತಯಾರಕರು ಧ್ರುವೀಯ ನಕ್ಷೆಯನ್ನೇ ಕೊಡುತ್ತಾರೆ. ಹಲವು ಮೈಕುಗಳ ನಕ್ಷೆ ಹೃದಯದ ಆಕಾರದ್ದು; ಕೊಸೈನ್ ಬೆಲೆಗೆ 1 ಕೂಡಿಸಿ ಬರೆದರೆ ಬರುವುದು ಅದೇ ಆಕಾರ.

ತಂದೆತಾಯಂದಿರು "ಇದು ಪರೀಕ್ಷೆಗೆ ಬರುತ್ತದೆಯೇ" ಎಂದು ಕೇಳುವ ಮೊದಲು ಮಕ್ಕಳಿಗೆ ಒಂದು ಸಂಜೆ ಬಿಟ್ಟುಕೊಡಲಿ. ಕೈವಾರ, ಕೋನಮಾಪಕ, ಬಿಳಿ ಹಾಳೆ ಇದ್ದರೆ ಧ್ರುವೀಯ ಹಾಳೆ ಮನೆಯಲ್ಲೇ ಸಿದ್ಧ. ನಾಲ್ಕರಷ್ಟರ ಸೈನ್‌ಗೆ ಎಷ್ಟು ಎಸಳು, ಐದರಷ್ಟಕ್ಕೆ ಎಷ್ಟು ಎಂದು ಮಕ್ಕಳು ಮೊದಲು ಊಹಿಸಲಿ, ಆಮೇಲೆ ಬರೆಯಲಿ. ಊಹೆ ತಪ್ಪಿದರೆ ರಬ್ಬರು ಹುಡುಕುವುದು ಬೇಡ. ಬಿಂದುಗಳ ಪಕ್ಕ ಡಿಗ್ರಿ ಬರೆದು ನೋಡಲಿ.