ಹೊಳೆ ಕಲಿಸಿದ ಪಾಠ

ವ್ಯಾಪಾರಿಗೆ ಲಾಭ-ಹಾನಿಗಳು ಹೊಸವಲ್ಲ. ಆದರೆ ಮೂರು ತಲೆಮಾರುಗಳಿಂದ ನಡೆದುಬಂದ ಅಂಗಡಿಯ ಬಾಗಿಲು ಒಂದೇ ರಾತ್ರಿಯಲ್ಲಿ ಮುಚ್ಚಿದಾಗ ಆಗುವ ಸಂಕಟವನ್ನು ಅನುಭವಿಸಿದವರೇ ಬಲ್ಲರು. 2019ರ ಆಗಸ್ಟ್ ತಿಂಗಳಿನಲ್ಲಿ ಆ ಅನುಭವ ನನ್ನ ಪಾಲಿಗೆ ಬಂದಿತು. ಸಣ್ಣ ಅಂಗಡಿಯನ್ನೇ ನೆಚ್ಚಿ ಬದುಕುವ ಕುಟುಂಬಗಳಿಗೆ ಅದರಿಂದ ಕಿಂಚಿತ್ತಾದರೂ ಪ್ರಯೋಜನವಾಗಲೆಂದು ಈ ಮಾತುಗಳನ್ನು ಬರೆಯುತ್ತಿದ್ದೇನೆ.

ನಮ್ಮದು ಗೋಕಾಕದಲ್ಲಿ ಹೊಳೆಗೆ ಸಮೀಪದ ಓಣಿಯಲ್ಲಿರುವ ಕಿರಾಣಿ ಅಂಗಡಿ. ಪಶ್ಚಿಮ ಘಟ್ಟದಲ್ಲಿ ಮಳೆ ಹೆಚ್ಚಿ ಹಿಡಕಲ್ ಜಲಾಶಯ ತುಂಬಿದರೆ ಹೊರಬಿಟ್ಟ ಘಟಪ್ರಭೆಯ ನೀರು ನಮ್ಮೂರಿನತ್ತಲೇ ಬರುತ್ತದೆ. ಲಿಂಗೈಕ್ಯರಾದ ನಮ್ಮ ತೀರ್ಥರೂಪರು ಪ್ರತಿ ರಾತ್ರಿ ಉದ್ರಿ ವಹಿಯನ್ನು ಬಟ್ಟೆಯಲ್ಲಿ ಸುತ್ತಿ ಮನೆಗೆ ತಂದು ಅಟ್ಟದ ಮೇಲಿಡುತ್ತಿದ್ದರು. “ತಮ್ಮಾ, ಮಾಲು ಹೋದರ ಮತ್ತ ತರಬಹುದು. ವಹಿ ಹೋದರ ಎಲ್ಲಿಂದ ತರ್ತಿ?” ಎನ್ನುತ್ತಿದ್ದರು. ಅದು ಹಳೆಯ ಕಾಲದವರ ಅತಿಯಾದ ಎಚ್ಚರವೆಂದು ಬಗೆದ ನಾನು ವಹಿಯನ್ನು ಅಂಗಡಿಯ ಮೇಜಿನ ಕೆಳಖಾನೆಯಲ್ಲಿಯೇ ಇಟ್ಟು ಬರತೊಡಗಿದೆ. ಖರ್ಚು ಉಳಿಸಲೆಂದು ವಿಮೆಯನ್ನೂ ನವೀಕರಿಸಿರಲಿಲ್ಲ.

ನೀರು ಇಳಿದ ಮೇಲೆ ಹೋಗಿ ನೋಡಿದರೆ ಸಕ್ಕರೆ, ಬೆಲ್ಲ ಕರಗಿಹೋಗಿದ್ದವು. ಅಕ್ಕಿ, ಜೋಳ ನಾರುತ್ತಿದ್ದವು. ವಹಿ ಮುದ್ದೆಯಾಗಿತ್ತು. ಅನೇಕ ಗಿರಾಕಿಗಳು ತಾವಾಗಿಯೇ ಬಂದು ತಮ್ಮ ಬಾಕಿಯನ್ನು ನೆನಪಿನಿಂದ ಹೇಳಿ ಬರೆಸಿದರು. ಆ ಉಪಕಾರವನ್ನು ಮರೆಯಲಾರೆ. ಆದರೆ ತಂದೆಯವರ ಕಾಲದಿಂದಲೂ ನಮ್ಮಲ್ಲಿಯೇ ಸಂತೆ ಮಾಡುತ್ತಿದ್ದ ಹಿರಿಯರೊಬ್ಬರು “ನಾನು ಶ್ರಾವಣದ ಮೊದಲೇ ಕೊಟ್ಟೀನಲ್ಲೋ” ಎಂದಾಗ ನಾನು ಒಂದು ಕ್ಷಣ ಸುಮ್ಮನಾದೆ. ಆ ಮೌನ ಅವರಿಗೆ ಅರ್ಥವಾಯಿತು. ಅಂದಿನಿಂದ ಅವರು ನಮ್ಮ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಅವರು ಕೊಟ್ಟಿದ್ದರೋ ಇಲ್ಲವೋ ನನಗೆ ಇಂದಿಗೂ ತಿಳಿಯದು. ಕರಗಿದ ಸಕ್ಕರೆಯ ನಷ್ಟವನ್ನು ಎರಡು ವರ್ಷಗಳಲ್ಲಿ ತುಂಬಿಕೊಂಡೆ. ಈ ನಷ್ಟವನ್ನು ತುಂಬಿಕೊಳ್ಳಲಾಗಲಿಲ್ಲ.

ಅದೇ ವರ್ಷ ದೀಪಾವಳಿಯ ತರುವಾಯ ಮನೆಮಂದಿಯೆಲ್ಲ ಕುಳಿತು ಯೋಚಿಸಿದೆವು. ಗೋಡೆಯ ಮೇಲೆ ನೀರಿನ ಗುರುತು ಇನ್ನೂ ಇತ್ತು. ಅದಕ್ಕಿಂತ ಒಂದು ಅಡಿ ಎತ್ತರಕ್ಕೆ ಕಬ್ಬಿಣದ ಅಟ್ಟಣಿಗೆ ಹಾಕಿಸಿ, ಮಳೆಗಾಲದಲ್ಲಿ ಚೀಲಗಳನ್ನು ಅದರ ಮೇಲೆಯೇ ಇಡುವ ಪದ್ಧತಿ ಮಾಡಿದೆವು. ವಹಿ ಮತ್ತೆ ಮನೆಯ ಅಟ್ಟವೇರಿತು. ಜೊತೆಗೆ ಪ್ರತಿ ಶನಿವಾರ ಅದರ ಪುಟಗಳ ಛಾಯಾಚಿತ್ರವನ್ನು ಮೊಬೈಲಿನಲ್ಲಿ ತೆಗೆದು ಹುಬ್ಬಳ್ಳಿಯಲ್ಲಿರುವ ಮಗಳಿಗೆ ಕಳುಹಿಸುತ್ತೇವೆ. ಗಿರಾಕಿಗಳ ಹಾಗೂ ಸಗಟು ವ್ಯಾಪಾರಿಗಳ ದೂರವಾಣಿ ಸಂಖ್ಯೆಗಳನ್ನು ನನ್ನ ಧರ್ಮಪತ್ನಿ ಕಾಗದದ ಮೇಲೆ ಬರೆದಿಟ್ಟಳು. ಖರೀದಿ, ದರ, ಬಾಕಿ ಎಲ್ಲವನ್ನೂ ಅವಳಿಗೆ ತಿಳಿಸಿದೆ. ಒಬ್ಬನ ತಲೆಯಲ್ಲಿ ಮಾತ್ರ ಇರುವ ಅಂಗಡಿ, ಅವನು ಹಾಸಿಗೆ ಹಿಡಿದರೆ ನಿಂತೇಹೋಗುತ್ತದೆ.

ಈ ಸಿದ್ಧತೆಗೆ ಮೊದಲ ಪರೀಕ್ಷೆ ಹೊಳೆಯಿಂದ ಬರಲಿಲ್ಲ. 2020ರ ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿಕೊಂಡಾಗ, ಕಿರಾಣಿ ಅಂಗಡಿಗಳಿಗೆ ಅನುಮತಿಯಿದ್ದರೂ ಮಾಲು ಬರುವುದು ದುಸ್ತರವಾಯಿತು. ಒಬ್ಬ ಸಗಟು ವ್ಯಾಪಾರಿ ಕೈಚೆಲ್ಲಿದಾಗ ಕಾಗದದಲ್ಲಿದ್ದ ಮತ್ತೊಬ್ಬರು ನೆರವಾದರು. ಗಿರಾಕಿಗಳು ದೂರವಾಣಿಯಲ್ಲಿ ಯಾದಿ ಬರೆಸಿದರು. ನಾವು ಮನೆಬಾಗಿಲಿಗೆ ಚೀಲ ಮುಟ್ಟಿಸಿದೆವು.

2021ರ ಏಪ್ರಿಲ್ 1ರಿಂದ ಐದು ಕೋಟಿ ರೂಪಾಯಿಯೊಳಗಿನ ಆಸ್ತಿಯುಳ್ಳ ಸಣ್ಣ ಉದ್ಯಮಗಳಿಗಾಗಿ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಎಂಬ ವಿಮೆ ಜಾರಿಗೆ ಬಂದಿತು. ಬೆಂಕಿಯ ಜೊತೆಗೆ ನೆರೆಯ ಹಾನಿಯೂ ಅದರಲ್ಲಿ ಸೇರಿದೆ. ಮಳೆಗಾಲದ ಮೊದಲೇ ಅದನ್ನು ಮಾಡಿಸಿದೆ. ಮಾಲಿನ ಬೆಲೆಯನ್ನು ಕಡಿಮೆ ತೋರಿಸಿ ಕಂತು ಉಳಿಸಬಾರದು. ಹಾಗೆ ಮಾಡಿದರೆ ಪರಿಹಾರವೂ ಕಡಿಮೆಯಾಗಬಹುದು. ಹಾನಿಯಾದರೆ ಕೆಸರು ಬಳಿಯುವ ಮೊದಲೇ ಚಿತ್ರ ತೆಗೆದು, ವಿಮಾ ಕಂಪನಿಗೆ ತಡಮಾಡದೆ ತಿಳಿಸಬೇಕು.

ಆ ವರ್ಷದ ಜುಲೈನಲ್ಲಿ ಘಟಪ್ರಭೆ ಪುನಃ ದಂಡೆ ಮೀರಿತು. ನೀರು ಬರುವ ಮೊದಲೇ ವಿದ್ಯುತ್ತಿನ ಮುಖ್ಯ ಗುಂಡಿ ಆರಿಸಿ, ಚೀಲಗಳನ್ನು ಮೇಲೇರಿಸಿ ಹೊರಟೆವು. ನೀರು ಇಳಿದ ಮೂರನೆಯ ದಿನ ವಿದ್ಯುತ್ ಇರಲಿಲ್ಲ, ಮೊಬೈಲಿನಿಂದ ಹಣ ಪಡೆಯುವಂತಿರಲಿಲ್ಲ. ಆದರೂ ಹಳೆಯ ತಕ್ಕಡಿ ಹಾಗೂ ಗಲ್ಲೆಯಲ್ಲಿಟ್ಟಿದ್ದ ಚಿಲ್ಲರೆಯಿಂದ ಅಂಗಡಿ ತೆರೆದೆವು. ಓಣಿಯಲ್ಲಿ ಅಂದು ಒಲೆ ಹಚ್ಚಲು ಎಷ್ಟೋ ಮನೆಗಳಿಗೆ ಬೆಂಕಿಪೊಟ್ಟಣವೂ ಇರಲಿಲ್ಲ. ಅಂಗಡಿ ತೆರೆದಿರುವುದು ನಮ್ಮ ಹೊಟ್ಟೆಪಾಡಿಗಷ್ಟೇ ಅಲ್ಲ, ಓಣಿಯ ಆಸರೆಗೂ ಬೇಕೆಂಬುದು ಆಗ ಮನವರಿಕೆಯಾಯಿತು. ಕಾಯಕವೆಂದರೆ ಇದೇ ಅಲ್ಲವೇ?

ಆ ಹಿರಿಯರು ಅಂದೂ ಬರಲಿಲ್ಲ. ಅವರ ಮೊಮ್ಮಗ ಬಂದು ಮೇಣಬತ್ತಿ ಕೊಂಡು ಹೋದ. ನಾನು ಅದನ್ನು ವಹಿಯಲ್ಲಿ ಬರೆದುಕೊಂಡೆ, ಅವನ ಎದುರಿನಲ್ಲಿಯೇ ಓದಿ ಹೇಳಿದೆ.

ಬಂಧುಗಳೇ, ಹೊಳೆ ಹೇಳಿ ಬರುವುದಿಲ್ಲ. ಸಿದ್ಧತೆಯನ್ನು ಬಿಸಿಲಿನ ದಿನಗಳಲ್ಲಿಯೇ ಮಾಡಿಕೊಳ್ಳಬೇಕು. ಇಂದು ರಾತ್ರಿ ಅಂಗಡಿ ಮುಚ್ಚುವಾಗ ನಿಮ್ಮ ವಹಿ ಎಲ್ಲಿದೆ ಎಂಬುದನ್ನು ಒಮ್ಮೆ ನೋಡಿಕೊಳ್ಳಿ.