ಸಿರ್ಕಪ್ಪಿನ ಮಣಿಗಳು

ಈಗಿನ ಪಾಕಿಸ್ತಾನದಲ್ಲಿರುವ ತಕ್ಷಶಿಲೆಯ ಸಿರ್ಕಪ್ ನಗರದ ರಾಜಬೀದಿ ನೂಲು ಹಿಡಿದಂತೆ ನೇರ. ಇಕ್ಕೆಲದ ಮನೆಗಳಲ್ಲಿ ಉಳಿದಿರುವುದು ತಳಪಾಯ ಮಾತ್ರ. ಕ್ರಿ. ಶ. ಒಂದನೆಯ ಶತಮಾನದಲ್ಲಿ ಇಲ್ಲಿ ಆಳಿದವರು ಗೊಂಡೋಫರ್ನೀಸ್ ಮೊದಲಾದ ಪಾರ್ಥಿಯನ್ನರು. ನಮ್ಮ ಪುರಾಣಗಳ ಪಹ್ಲವರು. 1913ರಿಂದ 1934ರವರೆಗೆ ಜಾನ್ ಮಾರ್ಷಲರು ಉತ್ಖನನ ನಡೆಸಿದಾಗ, ನೆಲದಡಿ ಹೂತಿಟ್ಟಿದ್ದ ಚಿನ್ನದ ಬಳೆ, ಓಲೆ, ಕಂಠಹಾರಗಳು ದೊರೆತವು. ಕುಷಾಣರ ದಾಳಿಗೆ ಅಂಜಿ ಬಚ್ಚಿಟ್ಟವೆಂದು ಅವರ ಊಹೆ. ಬಚ್ಚಿಟ್ಟವರು ಮರಳಿ ಬರಲಿಲ್ಲ.

ಆದರೆ ಚಿನ್ನಕ್ಕಿಂತ ಕಲ್ಲುಮಣಿಗಳೇ ಚೆನ್ನ. ಅಗೇಟು, ಸ್ಫಟಿಕ, ಕೆಂಪು ಕಾರ್ನೀಲಿಯನ್! ಕೆಲವು ಕೆಂಪುಮಣಿಗಳ ಮೇಲಿನ ಬಿಳಿಗೆರೆ ಬರಿಯ ಬಣ್ಣವಲ್ಲ. ಕ್ಷಾರದಿಂದ ಬರೆದು, ಕೆಂಡದಲ್ಲಿ ಕಾಯಿಸಿ, ಕಲ್ಲಿನೊಳಕ್ಕೇ ಇಳಿಸಿದ ಚಿತ್ತಾರ. ಅದು ಇಂದಿಗೂ ಅಳಿದಿಲ್ಲ. ಪೋಣಿಸಿದ್ದ ದಾರವಾದರೋ ಎಂದೋ ಮಣ್ಣಾಯಿತು. ಯಾವ ಮಣಿಯ ಪಕ್ಕದಲ್ಲಿ ಯಾವ ಮಣಿಯಿತ್ತೆಂಬುದನ್ನು ಬಲ್ಲವಳು ಅದನ್ನು ಧರಿಸಿದ್ದಾಕೆ ಮಾತ್ರ.