ಕುಮ್ಮಟದ ಹೆಣ್ಣುಮಕ್ಕಳು

ನಮ್ಮ ಗಂಗಾವತಿ ಸೀಮೆಯಲ್ಲಿ ಗಂಡುಗಲಿ ಕುಮಾರರಾಮನ ಕಥೆ ಕೇಳದೆ ಬೆಳೆದವರು ಕಡಿಮೆ. ನಮ್ಮ ಆಯಿ ರೊಟ್ಟಿ ಬಡಿಯುತ್ತಲೇ ಹೇಳುತ್ತಿದ್ದಳು. ಮಲತಾಯಿ ರತ್ನಾಜಿ ಅವನನ್ನು ಬಯಸಿದ್ದು, ಪರನಾರಿ ಸಹೋದರನಾದ ಅವನು ಒಲ್ಲೆನೆಂದದ್ದು, ಆಕೆ ಕಂಪಿಲರಾಯನಿಗೆ ಚಾಡಿ ಹೇಳಿದ್ದು. ಕೊನೆಗೆ, “ಆ ರತ್ನಾಜಿಯಿಂದನ ಕುಮ್ಮಟ ಹಾಳಾತು ನೋಡವಾ” ಎಂದು ನಿಟ್ಟುಸಿರು ಬಿಡುತ್ತಿದ್ದಳು. ನಾನೂ ರತ್ನಾಜಿಯನ್ನು ಬೈಯುತ್ತಲೇ ದೊಡ್ಡವಳಾದೆ.

ಮುಂದೆ ಇತಿಹಾಸ ಓದಿದಾಗ ರತ್ನಾಜಿ ಅಲ್ಲಿರಲಿಲ್ಲ. ದೆಹಲಿಯ ಸುಲ್ತಾನ ಮಹಮ್ಮದ ಬಿನ್ ತುಘಲಕನ ಬಂಧು ಬಹಾವುದ್ದೀನ್ ಗುರ್ಶಾಸ್ಪ್ ಬಂಡೆದ್ದು, ಸೋತು, ಕಂಪಿಲರಾಯನ ಮರೆಹೊಕ್ಕಿದ್ದ. ರಾಯ ಅವನನ್ನು ಒಪ್ಪಿಸಲಿಲ್ಲ. ದೆಹಲಿಯ ದಂಡು ಬಂತು. 1327ರ ಹೊತ್ತಿಗೆ ರಾಜ್ಯವೇ ಮುಗಿಯಿತು. ರಾಯ ದೋರಸಮುದ್ರಕ್ಕೆ ಸಾಗಹಾಕಿದ್ದ ಆ ಅತಿಥಿಯನ್ನು ಬಲ್ಲಾಳ ಸುಲ್ತಾನನ ಕೈಗೆ ಕೊಟ್ಟುಬಿಟ್ಟ.

ಕೆಲವೇ ವರ್ಷಗಳ ನಂತರ ಭಾರತಕ್ಕೆ ಬಂದ ಪ್ರವಾಸಿ ಇಬ್ನ್ ಬತೂತ ಇದನ್ನೆಲ್ಲ ಬರೆದಿಟ್ಟಿದ್ದಾನೆ. ಕಾಳು ಕಡಿ ಮುಗಿದಾಗ ರಾಯ ದೊಡ್ಡ ಬೆಂಕಿ ಹಾಕಿಸಿದನಂತೆ. ಅರಮನೆಯ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಮಿಂದು, ಗಂಧ ಹಚ್ಚಿಕೊಂಡು, ಅವನ ಮುಂದೆ ನೆಲಕ್ಕೆ ನಮಿಸಿ ಒಳಗೆ ಹಾರಿದರಂತೆ. ಮಂತ್ರಿಗಳ ಹೆಂಡಿರೂ ಹಾಗೆಯೇ. ಆ ಪುಟದಲ್ಲಿ ಅವರ ಒಬ್ಬರ ಹೆಸರೂ ಇಲ್ಲ.

ಅದನ್ನು ಓದಿದ ರಾತ್ರಿ ನನಗೆ ನೆನಪಾದದ್ದು ಅವ್ವನ ಬರಿಗೈ. ಅಪ್ಪ ಗೆಳೆಯನೊಬ್ಬನ ಸಾಲಕ್ಕೆ ಜಾಮೀನು ನಿಂತಿದ್ದ. ಗೆಳೆಯ ಊರು ಬಿಟ್ಟ. ಅವ್ವನ ಪಾಟಲಿ, ಬೋರಮಾಳ ಮಾರಿ ಸಾಲ ತೀರಿತು. “ಮಾತಿಗೆ ತಪ್ಪಲಾರದ ಮನಿಷಾ” ಎಂದು ಓಣಿಯೆಲ್ಲ ಅಪ್ಪನನ್ನು ಹೊಗಳಿತು. ಜಾಮೀನಿಗೆ ಮುಂಚೆ ಅವ್ವನನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಅಪ್ಪ ಕೆಟ್ಟವನಲ್ಲ. ಮರೆಹೊಕ್ಕವನನ್ನು ಕೈಬಿಡದ ಕಂಪಿಲರಾಯನೂ ಸಣ್ಣವನಲ್ಲ. ಆ ಹಟಕ್ಕೆ ಇಂದಿಗೂ ಕೈಮುಗಿಯುತ್ತೇನೆ. ಆದರೆ ಮಾತು ಕೊಡುವವರು ಒಬ್ಬರು, ತೆರುವವರು ಇನ್ನೊಬ್ಬರು ಆಗುವುದು ಏಕೆ? ತೆತ್ತವರ ಹೆಸರು ಮರೆತು, ರತ್ನಾಜಿಯ ಹೆಸರನ್ನಷ್ಟೇ ಶಾಪ ಹಾಕಲು ಉಳಿಸಿಕೊಂಡೆವಲ್ಲ!

ಹೋದ ವರ್ಷ ಮೊಮ್ಮಗಳನ್ನು ಕರೆದುಕೊಂಡು ಕುಮ್ಮಟದುರ್ಗಕ್ಕೆ ಹೋಗಿದ್ದೆ. ಬಂಡೆ, ಮುಳ್ಳುಕಂಟಿ, ಬಿದ್ದ ಗೋಡೆ. ರಾಮನ ಕಥೆ ಪೂರಾ ಹೇಳಿದೆ. “ಉಳಿದವರು ಏನಾದ್ರು ಆಯಿ?” ಎಂದಳು. ಆ ಬೆಂಕಿಯ ಸಂಗತಿಯನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವರನ್ನ ಯಾರರ ಕೇಳಿದ್ರೇನು?” ಎಂದಳು.

ನನ್ನ ಅವ್ವನ ಪರವಾಗಿ ನಾನು ಎಂದೂ ಕೇಳದಿದ್ದ ಪ್ರಶ್ನೆ ಅದು.